ದೂರು ಕೊಡಲು ನೀವು ಯಾರು?

ಶಿರಹಟ್ಟಿಯ ಆ ಮನೆಯ ಬಾಗಿಲಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಹಿರಿಯ ಹೆಂಗಸು ನನ್ನ ಹೆಸರು ಕೇಳಲಿಲ್ಲ. “ನೀವು ಇಂಟರ್ನೆಟ್ ಆಫೀಸಿನವ್ರಲ್ಲ? ಮದ್ಲ ಅದನ್ನ ಬಂದ್ ಮಾಡ್ರಿ, ಆಮ್ಯಾಲೆ ಒಳಗ ಬರ್ರಿ” ಎಂದರು. ಅವರ ಎರಡೂ ಕೈಗಳಿಗೆ ಮೊಣಕೈವರೆಗೆ ಜೋಳದ ಹಿಟ್ಟು ಮೆತ್ತಿತ್ತು.

ಅಂತರಜಾಲಕ್ಕೆ ಅಂಥದೊಂದು ಆಫೀಸು ಇಲ್ಲವೆಂದು ಹೊಸ್ತಿಲ ಹೊರಗೆ ನಿಂತೇ ವಿವರಿಸಲು ತೊಡಗಿದೆ. ವಿವರಣೆ ಸರಿಯಾಗಿಯೇ ಇತ್ತೆಂದು ಈಗಲೂ ನಂಬಿದ್ದೇನೆ. ಆದರೆ ಅರ್ಧಕ್ಕೆ ಬರುವಷ್ಟರಲ್ಲಿ ಅವರು ಒಳಗೆ ತಿರುಗಿ, “ಇಕಿ ಇಲ್ಲೇ ಪಾಠ ಹೇಳಾಕತ್ಯಾಳ, ಒಂದು ಚರಿಗಿ ನೀರರ ಕೊಡ್ರಿ” ಎಂದು ಕೂಗಿದರು.

ನಾನು ಆಗ ಗದಗಿನ ಒಂದು ಸಣ್ಣ ಸ್ವಯಂಸೇವಾ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದೆ. ಜಾಲತಾಣಗಳ ಹೆಸರುಗಳನ್ನು, ಅಂದರೆ ಅವುಗಳ ವಿಳಾಸಗಳನ್ನು, ಯಾರು ಮಾರಬೇಕು, ಯಾರು ಕೊಳ್ಳಬಹುದು, ದುರುಪಯೋಗವಾದರೆ ಯಾರು ದೂರು ಕೊಡಬಹುದು ಎಂಬುದನ್ನು ಯಾವ ಸರಕಾರವೂ ಒಂಟಿಯಾಗಿ ನಿರ್ಧರಿಸುವುದಿಲ್ಲ. ಸರಕಾರಗಳು, ಹೆಸರು ಮಾರುವ ಕಂಪನಿಗಳು, ದೊಡ್ಡ ವ್ಯಾಪಾರಿಗಳು, ತಂತ್ರಜ್ಞರು ಜಾಗತಿಕ ಮಟ್ಟದಲ್ಲಿ ಒಂದು ಮೇಜಿನ ಸುತ್ತ ಕುಳಿತು ನಿಯಮ ರೂಪಿಸುತ್ತಾರೆ. ಆ ಮೇಜಿನಲ್ಲಿ ‘ವೈಯಕ್ತಿಕ ಬಳಕೆದಾರ’ರಿಗೂ ಒಂದು ಕುರ್ಚಿ ಇಟ್ಟಿದ್ದಾರೆ. ಆ ಕುರ್ಚಿಗೆ ನಮ್ಮ ಭಾಗದಿಂದ ಅಭಿಪ್ರಾಯ ಕಳಿಸುವ ಬಳಕೆದಾರರ ಪರಿಷತ್ತು ಒಂದಿದೆ, ಮತ್ತು ನಮ್ಮ ಸಂಸ್ಥೆಗೆ ಆ ಪರಿಷತ್ತಿನ ಮಾನ್ಯತೆ ಇತ್ತು. ಮಾನ್ಯತೆಯ ಪತ್ರವನ್ನು ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದೆವು. ಅದರ ಉಪಯೋಗ ಏನೆಂದು ಆವರೆಗೆ ಯಾರೂ ಕೇಳಿರಲಿಲ್ಲ.

ಬಾಗಿಲಲ್ಲಿ ನನ್ನನ್ನು ತಡೆದವರು ಆ ಮನೆಯ ಅತ್ತೆ, ಖಡಕ್ ರೊಟ್ಟಿ ಮಾಡಿ ಮಾರುವ ಮಹಿಳೆಯರ ಗುಂಪೊಂದರ ಮುಖ್ಯಸ್ಥೆ. ಸೊಸೆ ಮುಂಡರಗಿಯ ಕಡೆಯವಳು, ಪಿಯುಸಿ ಓದಿದವಳು. ಗುಂಪಿಗೆ ಫೋನಿನಲ್ಲಿ ಬರುವ ಆರ್ಡರುಗಳನ್ನು ನೋಡಿಕೊಳ್ಳುತ್ತಿದ್ದಳು. ಒಂದು ತರಬೇತಿಯ ಕಾಲದಲ್ಲಿ ಗುಂಪಿಗೆ ಸ್ವಂತ ಜಾಲತಾಣವನ್ನು ಮಾಡಿಕೊಟ್ಟಿದ್ದರು. ಅದರಲ್ಲಿ ಸೊಸೆಯ ಫೋಟೋ, ಕೆಳಗೆ ಆಕೆಯ ಮೊಬೈಲ್ ನಂಬರು. ಹುಬ್ಬಳ್ಳಿ, ಪುಣೆಗಳಿಂದಲೂ ರೊಟ್ಟಿ ಕೇಳಿ ಫೋನು ಬರುತ್ತಿದ್ದವು.

ಜಾಲತಾಣದ ಹೆಸರನ್ನು ಯಾರೂ ಶಾಶ್ವತವಾಗಿ ಕೊಳ್ಳಲಾಗುವುದಿಲ್ಲ, ಕಾಲಕಾಲಕ್ಕೆ ನವೀಕರಿಸಬೇಕು. ಇವರ ಹೆಸರು ನವೀಕರಣವಾಗದೆ ಬಿದ್ದುಹೋಯಿತು. ಅದಕ್ಕಾಗಿಯೇ ಕಾದಿದ್ದ ಯಾರೋ ಎತ್ತಿಕೊಂಡರು. ಹಳೆಯ ಪುಟವನ್ನು ಅಳಿಸಿದರೆ ಹುಡುಕಿ ಬರುವವರು ಕಡಿಮೆಯಾಗುತ್ತಾರೆ. ಆದ್ದರಿಂದ ಆ ಪುಟದ ನಕಲನ್ನು ಫೋಟೋ, ನಂಬರು ಸಹಿತ ಹಾಗೆಯೇ ಉಳಿಸಿಕೊಂಡು, ಸುತ್ತಲೂ ಜೂಜಿನ ಕೊಂಡಿಗಳನ್ನು ತುಂಬಿದರು. ಫೋಟೋದ ಮೇಲೆ ದೊಡ್ಡ ಅಕ್ಷರಗಳಲ್ಲಿ ‘ಈಗಲೇ ಮಾತನಾಡಿ’ ಎಂದು ಬರೆದರು.

ಜನ ಮಾತನಾಡಲು ಫೋನು ಹಚ್ಚಿದರು. ಯಾವ ಮಾತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಮೊದಲೆರಡು ದಿನ ಸೊಸೆ ಅವರಿಗೆ ರೊಟ್ಟಿಯ ಬಗ್ಗೆಯೇ ಉತ್ತರ ಕೊಟ್ಟಳಂತೆ. ಆಮೇಲೆ ಮಾವ ಫೋನು ಕಸಿದುಕೊಂಡು ಆರಿಸಿ, ಜೋಳದ ಡಬ್ಬಿಯಲ್ಲಿ ಹಾಕಿ ಮುಚ್ಚಿದರು. ಗೂಡ್ಸ್ ಗಾಡಿ ಹೊಡೆಯುವ ಗಂಡ, ಊರಲ್ಲಿ ಮಾತು ಹಬ್ಬುವ ಮೊದಲು ಈಕೆಯನ್ನು ಮುಂಡರಗಿಗೆ ಕಳಿಸಿಬಿಡುವುದು ಒಳ್ಳೆಯದೆಂದ. ಎಷ್ಟು ದಿನಕ್ಕೆ ಎಂದು ಯಾರೂ ಹೇಳಲಿಲ್ಲ. ಗುಂಪಿನವರು ನಮ್ಮ ಸಂಸ್ಥೆಗೆ ಸುದ್ದಿ ಮುಟ್ಟಿಸಿದ್ದು ಆಗ, ನಾನು ಆ ಬಾಗಿಲಿಗೆ ಹೋದದ್ದು ಹಾಗೆ.

“ಫೋಟೋ ಹ್ವಾದ್ರ ನಾ ಉಳೀತೀನಿ, ಫೋಟೋ ಉಳದ್ರ ನಾ ಹೋಗತೀನಿ. ಇಷ್ಟ ಐತ್ರಿ ಲೆಕ್ಕ” ಎಂದಳು ಸೊಸೆ. ಆಕೆ ಅಳುತ್ತಿರಲಿಲ್ಲ. ರೊಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಪ್ಲಾಸ್ಟಿಕ್ ಚೀಲಕ್ಕೆ ಇಳಿಸುತ್ತಿದ್ದಳು, ಒಂದೂ ಮುರಿಯದಂತೆ.

ಪೊಲೀಸರಿಗೆ ದೂರು ಕೊಟ್ಟೆವು. ಅವರು ಬರೆದುಕೊಂಡರು, ಸ್ವೀಕೃತಿ ಕೊಟ್ಟರು, ಹೆಸರು ಮಾರಿದ ಕಂಪನಿಗೆ ಪತ್ರವನ್ನೂ ಹಾಕಿದರು. ಕಂಪನಿ ಹೊರದೇಶದ್ದು, ಉತ್ತರ ಬರಲು ಕಾಲ ಬೇಕೆಂದರು. ಅವರ ಮೇಲೆ ನನಗೆ ಯಾವ ದೂರೂ ಇಲ್ಲ.

ನನ್ನ ಕೆಲಸ ಅದೇ ಕಂಪನಿಗೆ ನೇರವಾಗಿ ಬರೆಯುವುದು. ಅವರ ತಾಣದಲ್ಲಿ ದುರುಪಯೋಗದ ದೂರಿಗೆಂದು ಪ್ರತ್ಯೇಕ ಪುಟವಿತ್ತು. ಮೊದಲ ಪ್ರಶ್ನೆಯೇ, ‘ನೀವು ಯಾರು?’ ಉತ್ತರವಾಗಿ ಮೂರು ಆಯ್ಕೆಗಳು: ಹೆಸರಿನ ಒಡೆಯರು, ನೋಂದಾಯಿತ ವ್ಯಾಪಾರಚಿಹ್ನೆಯ ಒಡೆಯರು, ಸರಕಾರಿ ತನಿಖಾ ಸಂಸ್ಥೆ. ಮೂರರಲ್ಲಿ ಒಂದನ್ನು ಆರಿಸದೆ ಪುಟ ಮುಂದಕ್ಕೆ ಹೋಗುವುದಿಲ್ಲ. ಹೆಸರಿನ ಒಡೆಯ ಜೂಜಿನವನು. ರೊಟ್ಟಿಗೆ ವ್ಯಾಪಾರಚಿಹ್ನೆ ಇರಲಿಲ್ಲ. ಸುಳ್ಳು ಆಯ್ಕೆಯನ್ನು ಒತ್ತಿ ಒಳಹೋಗಲು ನನಗೆ ಧೈರ್ಯವಾಗಲಿಲ್ಲ. ಇಂಥ ಕಡೆಗಳಲ್ಲಿ ನಮ್ಮಂಥವರು ಒಂದು ತಪ್ಪು ಮಾಡಿದರೆ, ಆಮೇಲೆ ಹೇಳಿದ್ದೆಲ್ಲ ತಪ್ಪೇ ಆಗುತ್ತದೆಂದು ನನಗೆ ಗೊತ್ತು. ಇಮೇಲ್ ವಿಳಾಸವೊಂದನ್ನು ಹುಡುಕಿ, ನಿಘಂಟು ಪಕ್ಕದಲ್ಲಿಟ್ಟುಕೊಂಡು, ಇಂಗ್ಲಿಷಿನಲ್ಲಿ ಬರೆದೆ. ಉತ್ತರ ಬೇಗ ಬಂತು. ಅವರ ವ್ಯಾಖ್ಯೆಯ ಪ್ರಕಾರ ದುರುಪಯೋಗವೆಂದರೆ ವೈರಸ್ ಹರಡುವುದು, ಪಾಸ್‌ವರ್ಡ್ ಕದಿಯುವುದು ಇತ್ಯಾದಿ. ಪುಟದಲ್ಲಿ ಏನಿದೆ ಎಂಬುದು ‘ವಿಷಯ’ದ ಪ್ರಶ್ನೆ, ಅದಕ್ಕೆ ಹೆಸರಿನ ಒಡೆಯರನ್ನೇ ಸಂಪರ್ಕಿಸಿ. ಒಡೆಯರು ಯಾರು ಎಂದು ಕೇಳಿದೆ. ಅವರ ಖಾಸಗಿತನವನ್ನು ಕಾಪಾಡುವುದು ಕಂಪನಿಯ ಕರ್ತವ್ಯ ಎಂಬ ಉತ್ತರ ಬಂತು.

ನಾನು ಅದನ್ನು ಮೂರು ಸಲ ಓದಿದೆ. ನನ್ನ ಇಂಗ್ಲಿಷ್ ತಪ್ಪಿರಬಹುದೆಂದು ಓದಿದೆ. ತಪ್ಪಿರಲಿಲ್ಲ.

ಕಾಕತಾಳೀಯವಾಗಿ ಅದೇ ಸಮಯದಲ್ಲಿ ಬಳಕೆದಾರರ ಪರಿಷತ್ತಿನಿಂದ ಸುತ್ತೋಲೆ ಬಂದಿತ್ತು. ಹೆಸರುಗಳ ದುರುಪಯೋಗದ ಬಗ್ಗೆ ಯಾರು ದೂರು ಕೊಡಬಹುದು ಎಂಬ ನಿಯಮವನ್ನೇ ಪರಿಷ್ಕರಿಸುತ್ತಿದ್ದಾರೆ, ವೈಯಕ್ತಿಕ ಬಳಕೆದಾರರು ಅಭಿಪ್ರಾಯ ತಿಳಿಸಬಹುದು, ಖಚಿತಪಡಿಸಿದ ಸದಸ್ಯರು ಆನ್‌ಲೈನ್ ಸಭೆಯಲ್ಲಿ ಮಾತನಾಡಬಹುದು. ಕರಡನ್ನು ತೆರೆದು ನೋಡಿದೆ. ಅಲ್ಲಿಯೂ ಅದೇ ಮೂರು ವರ್ಗಗಳು. ಬಳಕೆದಾರರ ಪರವಾಗಿ ಕುರ್ಚಿ ಹಾಕಿಕೊಂಡು ಕುಳಿತವರ ಕೈಯಿಂದ ಹಾದುಬಂದ ಕರಡಿನಲ್ಲಿ ಬಳಕೆದಾರಳಿಗೆ ದೂರು ಕೊಡುವ ಹಕ್ಕೇ ಇರಲಿಲ್ಲ.

ಅಭಿಪ್ರಾಯ ತಿಳಿಸಲು ಗುಂಪಿನ ಹೆಂಗಸರೆಲ್ಲ ಪರಿಷತ್ತಿನ ಸದಸ್ಯರಾಗಲಿ ಎಂದು ತೀರ್ಮಾನಿಸಿದೆವು. ಸದಸ್ಯತ್ವಕ್ಕೆ ಶುಲ್ಕವಿಲ್ಲ, ಇಮೇಲ್ ಒಂದಿದ್ದರೆ ಸಾಕು. ಅಲ್ಲಿಗೆ ಬರುವ ಕೊಂಡಿಯನ್ನು ಒತ್ತಿದರೆ ಸದಸ್ಯತ್ವ ಖಚಿತ. ಅತ್ತೆ ಹೇಳಿದರು, “ಇಮೇಲ್ ಎಲ್ಲಾರ್ದೂ ಅದಾವ್ರಿ. ಲಕ್ಷ್ಮೇಶ್ವರದಾಗ ಮೊಬೈಲ್ ಅಂಗಡ್ಯಾವ್ನ ಹತ್ರ ಅದಾವ.”

ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವ ಪದ್ಧತಿ. ಹೊಸ ಫೋನು ಕೊಂಡಾಗ ಅದು ಇಮೇಲ್ ಕೇಳುತ್ತದೆ. ಅಂಗಡಿಯವನೇ ಒಂದನ್ನು ತೆರೆದುಕೊಡುತ್ತಾನೆ. ಪಾಸ್‌ವರ್ಡ್ ಮರೆತರೆ ಮತ್ತೆ ಪಡೆಯಲು ಒಂದು ನಂಬರು ಬೇಕಲ್ಲ, ಅದಕ್ಕೆ ಗಿರಾಕಿಯ ಬದಲು ತನ್ನದೇ ನಂಬರನ್ನು ಕೊಟ್ಟಿರುತ್ತಾನೆ. ಜನ ಸಿಮ್ ಬದಲಿಸುತ್ತಾರೆ, ಅಂಗಡಿ ಅಲ್ಲಿಯೇ ಇರುತ್ತದೆ ಎಂಬುದು ಅದರ ಹಿಂದಿನ ವಿವೇಕ. ಗುಂಪಿನ ಜಾಲತಾಣದ ಹೆಸರೂ ಹೀಗೆಯೇ ಆತನ ಇಮೇಲಿಗೆ ನೋಂದಣಿಯಾಗಿತ್ತು. ನವೀಕರಣದ ಎಚ್ಚರಿಕೆಗಳು ಆತನ ಓದದ ಸಾವಿರಾರು ಇಮೇಲುಗಳ ಕೆಳಗೆ ಹೂತುಹೋಗಿದ್ದವು.

ನಾನು ಹೋದಾಗ ಆತ ಒಡೆದ ಪರದೆಯೊಂದನ್ನು ಬಿಸಿಮಾಡಿ ಬಿಚ್ಚುತ್ತಿದ್ದ. “ಏ ಬಾಯಾರ, ಕುಂಡ್ರಿ. ಅರ್ಧಾ ಲಕ್ಷ್ಮೇಶ್ವರದ ಪಾಸ್‌ವರ್ಡ್ ನನ್ನ ತಲ್ಯಾಗ ಅದಾವ. ನನಗ ಜ್ವರ ಬಂದ್ರ ಊರ ಬಂದ್” ಎಂದ.

“ಅವು ಅವರವರ ಹತ್ತಿರ ಇರಬೇಕಲ್ಲವೇ?” ಎಂದೆ.

“ಇರಬೇಕ್ರಿ. ಖರೆ. ಆದ್ರ ಅವರ ಹತ್ರ ಕೊಟ್ರ ನಾಳಿ ಮರತು ನನ್ನ ಹತ್ರನ ಬರತಾರ. ಬರೂದು ಯಾಕ, ಹೋಗೂದು ಯಾಕ?” ಆತನ ದನಿಯಲ್ಲಿ ಕಪಟವಿರಲಿಲ್ಲ. ರೊಟ್ಟಿ ಗುಂಪಿನ ಹೆಸರು ಹೋದ ಸುದ್ದಿ ಕೇಳಿದಾಗಿನಿಂದ ಅತ್ತೆಯ ಮುಖ ನೋಡಲು ನಾಚಿಕೆಯಾಗಿ, ಶಿರಹಟ್ಟಿಯ ಕಡೆ ಹೋಗುವುದನ್ನೇ ಬಿಟ್ಟಿದ್ದನಂತೆ. ಈಗ ನೆರವಾಗುವ ಅವಕಾಶ ಸಿಕ್ಕಿತೆಂದು ಅವಸರ ಮಾಡಿದ. ನಾನು ಚಹಾ ಕುಡಿದು ಮುಗಿಸುವುದರೊಳಗೆ ಗುಂಪಿನವರೆಲ್ಲರ ಅರ್ಜಿಗಳನ್ನು ತನ್ನ ಕಂಪ್ಯೂಟರಿನಿಂದಲೇ, ತನ್ನ ನಂಬರನ್ನೇ ಕೊಟ್ಟು ತುಂಬಿ, ಬಂದ ಕೊಂಡಿಗಳನ್ನೆಲ್ಲ ತಾನೇ ಒತ್ತಿ, “ಆತು ನೋಡ್ರಿ! ಎಲ್ಲಾರೂ ಮೆಂಬರ್!” ಎಂದ.

ನಾಲ್ಕನೆಯ ದಿನ ಪರಿಷತ್ತಿನಿಂದ ನಮ್ಮ ಸಂಸ್ಥೆಗೆ ನೋಟಿಸು ಬಂತು. ಒಂದೇ ಯಂತ್ರದಿಂದ, ಒಂದೇ ಫೋನ್ ನಂಬರಿನೊಂದಿಗೆ, ಕೆಲವೇ ನಿಮಿಷಗಳ ಅಂತರದಲ್ಲಿ ಸೃಷ್ಟಿಯಾದ ಸದಸ್ಯತ್ವಗಳು ಕೃತಕವೆಂದು ಕಂಡುಬಂದಿವೆ, ಅವೆಲ್ಲವನ್ನೂ ರದ್ದುಪಡಿಸಲಾಗಿದೆ. ಪ್ರಾತಿನಿಧ್ಯದ ಪ್ರಕ್ರಿಯೆಯನ್ನು ವಶಪಡಿಸಿಕೊಳ್ಳಲು ನಡೆದ ಪ್ರಯತ್ನಕ್ಕೆ ಸಂಸ್ಥೆ ವಿವರಣೆ ನೀಡತಕ್ಕದ್ದು.

ಶಿರಹಟ್ಟಿಯ ರೊಟ್ಟಿ ಮಾಡುವ ಹೆಂಗಸರು ಅಂತರಜಾಲದ ಆಡಳಿತವನ್ನು ವಶಪಡಿಸಿಕೊಳ್ಳಲು ಹೊರಟಿದ್ದಾರಂತೆ. ನಗಬೇಕಾದ ಮಾತು. ನಾನು ನಗಲಿಲ್ಲ. ನಮ್ಮ ಮನೆತನದಲ್ಲಿ ಪದವಿಯವರೆಗೆ ಬಂದವಳು ನಾನೇ ಮೊದಲು. ನಿಯಮ ಮುರಿದವಳೆಂದು ಬರಹದಲ್ಲಿ ಕರೆಸಿಕೊಂಡದ್ದೂ ಅದೇ ಮೊದಲು. ಆ ಸಂಜೆ ಬೆಟಗೇರಿಯ ನನ್ನ ಕೋಣೆಯಲ್ಲಿ, ಪಕ್ಕದ ಮನೆಯ ಮಗ್ಗದ ಸದ್ದಿನ ನಡುವೆ ಕುಳಿತು ಉತ್ತರ ಬರೆದೆ. ನಮ್ಮ ಕಡೆಯ ಪದ್ಧತಿಯನ್ನು ವಿವರಿಸಿದೆ. ಹೆಂಗಸರು ನಿಜವಾದವರು, ಬೇಕಾದರೆ ವಿಡಿಯೋ ಕರೆಯಲ್ಲಿ ಒಬ್ಬೊಬ್ಬರನ್ನೂ ತೋರಿಸುತ್ತೇನೆ ಎಂದೆ. ಮನುಷ್ಯರನ್ನು ನೋಡಿ ಖಚಿತಪಡಿಸುವ ವಿಧಾನ ನಿಯಮಾವಳಿಯಲ್ಲಿ ಇಲ್ಲವೆಂದು ಮರು ಉತ್ತರ ಬಂತು.

ಆಗ ನಮ್ಮ ಭಾಗದ ಸಮನ್ವಯಕಾರರು ಫೋನು ಮಾಡಿದರು. ಬೆಂಗಳೂರಿನವರು, ಮೃದುವಾಗಿ ಮಾತನಾಡುವವರು, ಅನೇಕ ದೇಶಗಳ ಸಭೆಗಳಲ್ಲಿ ಗ್ರಾಮೀಣ ಬಳಕೆದಾರರ ಪರವಾಗಿ ಮಾತನಾಡಿದವರು.

“ನೀವು ತುಂಬಾ ಎಮೋಷನಲ್ ಆಗ್ತಿದ್ದೀರಿ. ನೋಟಿಸ್ ವಿಷಯ ನಾನು ಸೆಟ್ಲ್ ಮಾಡ್ತೀನಿ, ಬಿಡಿ. ಆ ಹೆಂಗಸರು ಮೆಂಬರ್ ಆಗಲೇಬೇಕು ಅಂತೇನಿಲ್ಲ. ನೀವೊಬ್ಬರು ಕನ್‌ಫರ್ಮ್ಡ್ ಮೆಂಬರ್ ಇದ್ದೀರಲ್ಲ? ಸಭೆಯಲ್ಲಿ ಮೂರು ನಿಮಿಷ ನಿಮಗೇ ಕೊಡಿಸ್ತೀನಿ. ಅವರ ಪರವಾಗಿ ಓದಿ. ಟೆಕ್ಸ್ಟ್ ನಾನೇ ಬರೆದುಕೊಡ್ತೀನಿ, ಇಂಗ್ಲಿಷ್ ಕೂಡ ಸರಿಯಾಗಿರುತ್ತೆ.”

ಕೊನೆಯ ಮಾತು ನನಗೆ ನೆಮ್ಮದಿ ಕೊಟ್ಟಿತು, ಅದನ್ನು ಮುಚ್ಚಿಡುವುದಿಲ್ಲ. ಮುಂದಿನ ವರ್ಷ ಪ್ರತಿನಿಧಿಯ ಸ್ಥಾನವೊಂದು ತೆರವಾಗಲಿದೆ, ಹಿಂದುಳಿದ ಜಿಲ್ಲೆಯ ಯುವತಿಯೊಬ್ಬಳು ಬಂದರೆ ಪರಿಷತ್ತಿಗೂ ಶೋಭೆ ಎಂದೂ ಅವರು ಸೇರಿಸಿದರು.

ಪಠ್ಯ ಬಂತು. ಒಂದು ಪುಟ, ಒಂದು ತಪ್ಪೂ ಇಲ್ಲ. ಅದನ್ನು ತೆಗೆದುಕೊಂಡು ಸೊರಟೂರ ಮೇಲೆ ಹಾಯ್ದು ಹೋಗುವ ಬಸ್ಸಿನಲ್ಲಿ ಶಿರಹಟ್ಟಿಗೆ ಹೋದೆ. ನಾನು ಓದುವುದು ಅವರ ಪರವಾಗಿ ಎಂದಮೇಲೆ ಅವರಿಗೆ ಕೇಳಿಸುವುದು ಕ್ರಮ. ಒಲೆಯ ಮುಂದೆ ಕುಳಿತು ವಾಕ್ಯವಾಕ್ಯವಾಗಿ ಕನ್ನಡಕ್ಕೆ ತಿರುಗಿಸಿದೆ. ಅರಿವಿನ ಕೊರತೆಯಿಂದಾಗಿ ಗ್ರಾಮೀಣ ಮಹಿಳೆಯರು ಇಂಥ ಘಟನೆಗಳಿಗೆ ಬಲಿಯಾಗುತ್ತಿದ್ದಾರೆ. ತಮ್ಮ ಫೋಟೋ ಮತ್ತು ನಂಬರುಗಳನ್ನು ಹಂಚಿಕೊಳ್ಳುವಾಗ ಎಚ್ಚರ ವಹಿಸುವಂತೆ ಅವರಿಗೆ ತರಬೇತಿ ನೀಡಬೇಕು. ಕರಡು ನಿಯಮವನ್ನು ನಾವು ಸ್ವಾಗತಿಸುತ್ತೇವೆ.

ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು. “ತರಬೇತಿ ಕೊಟ್ಟಾವ್ರ ಅಲ್ಲೇನವಾ ಫೋಟೋ ಹಾಕಿಸಿದ್ದು?”

ಸೊಸೆ ತಡವಾಗಿ ಮಾತನಾಡಿದಳು. “ಅಕ್ಕಾರ, ಇದ್ರಾಗ ತಪ್ಪೆಲ್ಲಾ ನಂದು ಅಂತ ಐತಿ. ಇಷ್ಟ ಹೇಳಾಕ ನೀವ್ಯಾಕ? ನಮ್ಮ ಓಣ್ಯಾಗ ಪುಕ್ಕಟ ಹೇಳ್ತಾರ.”

ಉತ್ತರವಾಗಿ ನಾನು ಏನೋ ಹೇಳಲು ಹೊರಟೆ. ಸಭೆಗಳ ಭಾಷೆಯೇ ಹಾಗಿರುತ್ತದೆ, ಮೊದಲು ಒಳಗೆ ಪ್ರವೇಶ ಸಿಗಬೇಕು, ಇತ್ಯಾದಿ. ಆ ವಾಕ್ಯ ನನ್ನ ಬಾಯಲ್ಲಿ ಸಮನ್ವಯಕಾರರ ದನಿಯಲ್ಲಿಯೇ ಹೊರಟಿತು. ಅರ್ಧಕ್ಕೆ ನಿಲ್ಲಿಸಿದೆ. ಬಂದಿದ್ದ ಸಿಟ್ಟು ಆವರೆಗೆ ನೋಟಿಸಿನ ಮೇಲಿತ್ತು. ಅಂದರೆ ನನ್ನ ಮರ್ಯಾದೆಯ ಮೇಲಿತ್ತು. ಈಗ ಅದಕ್ಕೆ ಸರಿಯಾದ ದಿಕ್ಕು ಸಿಕ್ಕಿತು. ಈ ಹೆಂಗಸಿಗೆ ಬಾಗಿಲು ಹಾಕಿದವರೇ, ಆಕೆಯ ಪರವಾಗಿ ಆಕೆಯನ್ನು ಬೈಯುವ ಕೆಲಸವನ್ನು ನನಗೆ ವಹಿಸಿದ್ದರು.

“ನೀನೇ ಮಾತಾಡು” ಎಂದೆ. “ನಾನು ತಿರುಗಿಸಿ ಹೇಳುತ್ತೇನೆ.”

ಅದಕ್ಕೆ ಆಕೆ ಸದಸ್ಯೆಯಾಗಬೇಕು. ತನ್ನದೇ ನಂಬರಿನಿಂದ, ತನ್ನದೇ ಫೋನಿನಲ್ಲಿ, ತನ್ನ ಕೈಯಿಂದಲೇ ತೆರೆದ ಇಮೇಲ್ ಆದರೆ ಮಾತ್ರ ಪರಿಷತ್ತು ತಳ್ಳಿಹಾಕುವಂತಿಲ್ಲ. ಆ ನಂಬರು ಜೋಳದ ಡಬ್ಬಿಯಲ್ಲಿತ್ತು.

ಲಕ್ಷ್ಮೇಶ್ವರದ ಕಾಳಿನ ಪೇಟೆಯಲ್ಲಿ ತೂಕದ ಕೆಲಸ ಮಾಡುವ ಮಾವ ಊಟಕ್ಕೆ ಬರುವವರೆಗೆ ಕಾದೆವು. ನಾನು ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಅವರು ಊಟ ಮುಗಿಸಿ ಕೈ ತೊಳೆದರು.

“ಬಾಯಾರ, ನೀವು ಕಲತಾವ್ರು. ಆ ಫೋನ್ ಚಾಲೂ ಮಾಡಿದ್ರ ಏನ ಬರತಾವ ಗೊತ್ತೈತೇನ್ರಿ ನಿಮಗ? ನನ್ನ ಕಿವಿಲೆ ಕೇಳೇನಿ ನಾ. ಸೊಸಿ ಮುಂದ ಅದನ್ನ ಕೇಳಿ ನಾ ಹೆಂಗ ತಲಿ ಎತ್ತಲಿ?”

“ಕೇಳಬ್ಯಾಡ್ರಿ ನೀವು” ಎಂದರು ಅತ್ತೆ. “ಹೊರಗ ಕಟ್ಟಿಗಿ ಹೋಗಿ ಕುಂಡ್ರಿ. ನಾ ಕೇಳತೀನಿ.”

ಮಾವ ಹೆಂಡತಿಯ ಮುಖ ನೋಡಿದರು. ಆಮೇಲೆ ಎದ್ದು, ಡಬ್ಬಿಯೊಳಗೆ ಮೊಣಕೈವರೆಗೆ ಕೈ ಹಾಕಿ ಫೋನು ತೆಗೆದರು. ಅಂಗಿಯ ಚುಂಗಿನಿಂದ ಒರೆಸಿ ಸೊಸೆಯ ಕೈಗೆ ಕೊಡಲಿಲ್ಲ. ನೆಲದ ಮೇಲಿಟ್ಟು ಕಟ್ಟೆಗೆ ಹೋದರು.

ಫೋನು ಹತ್ತಿದ ಕೂಡಲೇ ಬಡಿದುಕೊಳ್ಳತೊಡಗಿತು. ಖಚಿತಪಡಿಸುವ ಸಂಖ್ಯೆ, ಅಂದರೆ ಒಟಿಪಿ, ಬರಬೇಕಾದರೆ ಫೋನನ್ನು ಆರಿಸುವಂತಿರಲಿಲ್ಲ. ಸೊಸೆ ಒಂದೊಂದೇ ಅಕ್ಷರ ಒತ್ತಿ ಇಮೇಲ್ ತೆರೆಯುತ್ತಿದ್ದಳು. ನಡುವೆ ಕರೆ ಬಂದರೆ ಫೋನು ಅತ್ತೆಯ ಕೈಗೆ ಹೋಗುತ್ತಿತ್ತು.

“ಹಲೋ. ಹೂಂ, ಮಾತಾಡೋ. ಯಾ ಊರಾವ ನೀ? ನಿಮ್ಮವ್ವ ಮನ್ಯಾಗ ಅದಾಳೇನ? ಇದ್ರ ಆಕಿ ಕೈಯಾಗ ಫೋನ್ ಕೊಡು, ನಿನ್ನ ಹಡದಾಕಿ ಜೋಡಿ ನನಗ ಸ್ವಲ್ಪ ಮಾತದಾವ… ಇಟ್ಟ, ಬಾಡ್ಯಾ.”

ಮುಂದಿನವನಿಗೆ: “ಎಷ್ಟ ಬೇಕೋ ರೊಟ್ಟಿ? ರೊಟ್ಟಿ ಬ್ಯಾಡಾ? ಮತ್ತ ರೊಟ್ಟಿ ಅಂಗಡಿಗಿ ಯಾಕ ಹಚ್ಚಿದಿ, ಕಣ್ಣ ಕಾಣಸ್ತಾವಿಲ್ಲೋ ನಿನಗ?”

ಕಟ್ಟೆಯ ಮೇಲೆ ಮಾವ ಕೆಮ್ಮಿದರು. ಅದು ಕೆಮ್ಮೋ ನಗುವೋ ತಿಳಿಯಲಿಲ್ಲ. ಸಂಖ್ಯೆ ಬಂತು. ಸೊಸೆ ಅದನ್ನು ಒತ್ತಿದಳು, ಕೊಂಡಿಯನ್ನೂ ಒತ್ತಿದಳು. ಆಕೆ ಸದಸ್ಯೆಯಾದಳು. ಮಾತನಾಡುವವರ ಪಟ್ಟಿಯಲ್ಲಿ ನನ್ನ ಹೆಸರಿನ ಬದಲು ಆಕೆಯ ಹೆಸರನ್ನು ಸೇರಿಸಲು ನಾನು ಬರೆದೆ. ನಿಯಮಾವಳಿಯಲ್ಲಿ ಅದಕ್ಕೆ ಅವಕಾಶವಿದ್ದ ಕಲಮಿನ ಸಂಖ್ಯೆಯನ್ನೂ ಹಾಕಿದೆ.

ಸಭೆ ಒಂದು ಮಧ್ಯಾಹ್ನ. ಗದಗಿನ ನಮ್ಮ ಕಚೇರಿಗೆ ಸೊಸೆಯೊಂದಿಗೆ ಮಾವನೂ ಬಂದರು. ಒಬ್ಬಳನ್ನೇ ಕಳಿಸಲು ಒಪ್ಪಿರಲಿಲ್ಲ. ಪರದೆಯ ತುಂಬ ಸಣ್ಣ ಸಣ್ಣ ಚೌಕಗಳಲ್ಲಿ ಮುಖಗಳು. ಜಗತ್ತಿನ ಆರು ಭಾಷೆಗಳಿಗೆ ಅನುವಾದಕರಿದ್ದರು. ನಮ್ಮ ಸರದಿ ಬರುವ ಮೊದಲೇ ಸಮನ್ವಯಕಾರರಿಂದ ಖಾಸಗಿ ಸಂದೇಶ ಬಂತು: ‘ದಯವಿಟ್ಟು ಒಪ್ಪಿದ ಟೆಕ್ಸ್ಟ್‌ಗೇ ಸೀಮಿತವಾಗಿರಿ.’ ನಾನು ಅದನ್ನು ಮುಚ್ಚಿದೆ. ಇಂಗ್ಲಿಷ್ ಕ್ರಿಯಾಪದಗಳ ಕಾಲರೂಪ ತಪ್ಪುವುದೆಂಬ ಹೆದರಿಕೆ ಆಗಲೂ ನನ್ನನ್ನು ಬಿಟ್ಟಿರಲಿಲ್ಲ.

ಅಧ್ಯಕ್ಷತೆ ವಹಿಸಿದ್ದ ಮಹಿಳೆ ಸೌಜನ್ಯದಿಂದಲೇ ಕೇಳಿದರು: ಮಾತನಾಡುತ್ತಿರುವವರು ಯಾವ ನೆಲೆಯಲ್ಲಿ ಮಾತನಾಡುತ್ತಿದ್ದಾರೆ? ಹೆಸರಿನ ಒಡೆಯರೇ, ಸಂಸ್ಥೆಯ ಪ್ರತಿನಿಧಿಯೇ?

ನಾನು ಪ್ರಶ್ನೆಯನ್ನು ತಿರುಗಿಸಿ ಹೇಳಿದೆ. ಸೊಸೆ ಪರದೆಯನ್ನೇ ನೋಡುತ್ತ, “ಫೋಟೋದಾಗ ಇರಾಕಿ ಅಂತ ಹೇಳ್ರಿ” ಎಂದಳು.

ಹೇಳಿದೆ. ಆಕೆ ಮುಂದುವರಿಸಿದಳು.

“ನಾ ರೊಟ್ಟಿ ಮಾರಾಕಿರಿ. ನನ್ನ ಫೋಟೋ, ನನ್ನ ನಂಬರ ಯಾರೋ ಇಟ್ಕೊಂಡಾರ. ಯಾರು ಅಂತ ಕೇಳಿದ್ರ ಹೇಳಂಗಿಲ್ಲ ಅಂತೀರಿ, ಅವನ ಗುಟ್ಟು ಕಾಯಬೇಕಂತ. ನನ್ನ ಗುಟ್ಟು ಯಾರು ಕಾಯಾವ್ರು? ದೂರು ಕೊಡಾಕ ನೀ ಯಾರು ಅಂತ ಕೇಳತೀರಿ. ಆ ಹೆಸರು ಅವಂದಿರಬಹುದ್ರಿ, ಫೋಟೋದಾಗಿನ ಮಾರಿ ನಂದು. ಮಾರಿಗಿ ಒಡೆಯರು ಯಾರಂತ ನಿಮ್ಮ ನಿಯಮದಾಗ ಬರೀರಿ. ಅಷ್ಟ ಐತಿ.”

ಮೂರು ನಿಮಿಷವೂ ಬೇಕಾಗಲಿಲ್ಲ. ನಾನು ಒಂದು ಪದವನ್ನೂ ಮೆದುಗೊಳಿಸದೆ ಇಂಗ್ಲಿಷಿಗೆ ತಿರುಗಿಸಿದೆ. ಎರಡು ಕಡೆ ಎಡವಿದೆ, ತಿದ್ದಿಕೊಂಡೆ. ಅಧ್ಯಕ್ಷರು ಆಕೆಯ ಧೈರ್ಯವನ್ನು ಮೆಚ್ಚಿ ಧನ್ಯವಾದ ಹೇಳಿ ಮುಂದಿನವರನ್ನು ಕರೆದರು. ಮಾವ ನನ್ನನ್ನು ಕೇಳಿದರು, “ಆತೇನ್ರಿ? ಮುಗೀತು?” ಹೌದೆಂದೆ. “ಯಾರೂ ಏನೂ ಅನ್ನಲಿಲ್ಲಲ್ರಿ. ಪ್ಯಾಟ್ಯಾಗ ಒಂದು ಚೀಲ ತೂಕ ಕಡಿಮಿ ಬಂದ್ರ ಇದರಕಿಂತ ಗದ್ದಲ ಆಗ್ತೈತಿ” ಎಂದರು.

ಆದರೆ ಸಭೆ ಮುಗಿಯುವ ಮೊದಲೇ ಇನ್ನೊಂದು ಖಾಸಗಿ ಸಂದೇಶ ಬಂದಿತ್ತು. ಹೆಸರು ಮಾರುವ ಕಂಪನಿಗಳ ಪರವಾಗಿ ಕುಳಿತಿದ್ದ ಒಬ್ಬರದು, ಎಲ್ಲಿಯವರೋ ತಿಳಿಯದು. ತಾಣದ ವಿಳಾಸ ಕಳಿಸಿ ಎಂದಷ್ಟೇ ಇತ್ತು. ಕಳಿಸಿದೆ. ಮರುದಿನ ಬೆಳಿಗ್ಗೆ ಆ ತಾಣ ಇರಲಿಲ್ಲ. ಫೋಟೋ ಇಲ್ಲ, ನಂಬರು ಇಲ್ಲ, ಬಿಳಿಯ ಪುಟ. ಕಾರಣವನ್ನೂ ಅವರೇ ತಿಳಿಸಿದರು: ಹೆಸರು ಕೊಂಡವನು ಕೊಟ್ಟಿದ್ದ ವಿಳಾಸ ಸುಳ್ಳು. ಸುಳ್ಳು ವಿಳಾಸ ಕೊಟ್ಟವನ ಹೆಸರನ್ನು ತಡೆಹಿಡಿಯಬಹುದೆಂಬ ಷರತ್ತು ಮಾರಾಟದ ಒಪ್ಪಂದದಲ್ಲಿ ಮೊದಲಿನಿಂದಲೂ ಇದೆ.

ಮೊದಲಿನಿಂದಲೂ ಇದೆ. ನಾನು ನಿಘಂಟು ಹಿಡಿದು ಪತ್ರ ಬರೆಯುವಾಗಲೂ ಇತ್ತು. ‘ಖಾಸಗಿತನ ಕಾಪಾಡುವುದು ಕರ್ತವ್ಯ’ ಎಂದು ಉತ್ತರಿಸಿದವರಿಗೂ ಅದು ಗೊತ್ತಿತ್ತು. ಒಳಗಿನವರೊಬ್ಬರು ಒಂದು ಸಾಲು ಬರೆದರೆ ಒಂದು ದಿನದಲ್ಲಿ ಆಗುವ ಕೆಲಸಕ್ಕಾಗಿ ಒಬ್ಬ ಹೆಂಗಸು ತನ್ನ ಮನೆಯಿಂದ ಹೊರಬೀಳುವ ಅಂಚಿಗೆ ಬಂದಿದ್ದಳು. ಸುದ್ದಿ ತಿಳಿಸಲು ಶಿರಹಟ್ಟಿಗೆ ಹೋದಾಗ ಸೊಸೆ ಹಿಗ್ಗುತ್ತಾಳೆಂದುಕೊಂಡಿದ್ದೆ. ಆಕೆ ಬಿಳಿಯ ಪುಟವನ್ನು ಬಹಳ ಹೊತ್ತು ನೋಡಿ, “ಹಂಗಾದ್ರ ಮದ್ಲ ಯಾಕ ತಗೀಲಿಲ್ರಿ?” ಎಂದಳು. ಮುಂಡರಗಿಯ ಮಾತನ್ನು ಆ ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ. ಫೋನು ಆಕೆಯ ಕೈಯಲ್ಲಿಯೇ ಉಳಿಯಿತು.

ಸಭೆಯ ನಡಾವಳಿ ಬಂದಾಗ ಅದರಲ್ಲಿ ಹೀಗಿತ್ತು: ಸ್ಥಳೀಯ ಮಹಿಳೆಯೊಬ್ಬರ ಅನುಭವವನ್ನು ಸಂಸ್ಥೆಯ ಪ್ರತಿನಿಧಿ ಹಂಚಿಕೊಂಡರು, ಅರಿವು ಮೂಡಿಸುವ ಅಗತ್ಯವನ್ನು ಸಭೆ ಗುರುತಿಸಿತು. ಆಕ್ಷೇಪಣೆ ಸಲ್ಲಿಸಲು ಒಂದು ವಾರದ ಅವಕಾಶವಿರುತ್ತದೆ. ಸಾಮಾನ್ಯವಾಗಿ ಯಾರೂ ಸಲ್ಲಿಸುವುದಿಲ್ಲ. ನಾನು ಸಲ್ಲಿಸಿದೆ. ಮಾತನಾಡಿದ್ದು ಸದಸ್ಯೆ, ಪ್ರತಿನಿಧಿ ಅಲ್ಲ. ಹೇಳಿದ್ದು ಅರಿವಿನ ಬಗ್ಗೆ ಅಲ್ಲ, ಹಕ್ಕಿನ ಬಗ್ಗೆ. ಧ್ವನಿಮುದ್ರಿಕೆಯನ್ನು ಕೇಳಿ ತಿದ್ದಿರಿ ಎಂದೆ. ಸಮನ್ವಯಕಾರರು ಫೋನು ಮಾಡಿ, ನಾನು ಸಣ್ಣ ವಿಷಯವನ್ನು ದೊಡ್ಡದು ಮಾಡುತ್ತಿದ್ದೇನೆ, ಮುಂದಿನ ವರ್ಷದ ಸ್ಥಾನದ ಬಗ್ಗೆ ತಮ್ಮಿಂದ ಈಗ ಖಾತರಿ ಕೊಡಲಾಗದು ಎಂದರು. “ಕೊಡಬೇಡಿ” ಎಂದೆ. ಅದಕ್ಕಿಂತ ಚೆನ್ನಾದ ವಾಕ್ಯ ಆಗ ಹೊಳೆಯಲಿಲ್ಲ. ಮೂರು ಸಲ ಬರೆದ ಮೇಲೆ ನಡಾವಳಿಯನ್ನು ತಿದ್ದಿದರು. ಕರಡು ನಿಯಮವನ್ನು ಮಾತ್ರ ತಿದ್ದಲಿಲ್ಲ. ಆಕೆಯ ಮಾತನ್ನು ‘ಮುಂದೆ ಪರಿಗಣಿಸಬಹುದಾದ ಅಂಶಗಳು’ ಎಂಬ ತಲೆಬರಹದ ಕೆಳಗೆ ಸೇರಿಸಿ ಮೇಲಕ್ಕೆ ಕಳಿಸಿದರು.

ಕೆಲವು ತಿಂಗಳ ನಂತರ ಸೊಸೆ ನನಗೆ ಫೋನು ಮಾಡಿದಳು. ಪರಿಷತ್ತಿನಿಂದ ಆಕೆಯ ಹೆಸರಿಗೇ ಇಮೇಲ್ ಬಂದಿತ್ತು, ಇಂಗ್ಲಿಷಿನಲ್ಲಿ. ಓದಿ ಹೇಳಿ ಎಂದಳು. ವಾರ್ಷಿಕ ವರದಿಯ ಮುಖಪುಟಕ್ಕೆ ಗ್ರಾಮೀಣ ಬಳಕೆದಾರರ ಯಶೋಗಾಥೆಯೊಂದನ್ನು ಆರಿಸಿದ್ದಾರೆ. ಸಾಂಪ್ರದಾಯಿಕ ಉಡುಗೆಯಲ್ಲಿ, ಒಲೆಯ ಮುಂದೆ ರೊಟ್ಟಿ ಮಾಡುತ್ತಿರುವ ಸ್ಪಷ್ಟವಾದ ಫೋಟೋ ಒಂದನ್ನು, ಸಾಧ್ಯವಾದರೆ ನಗುತ್ತಿರುವುದನ್ನು, ಕೂಡಲೇ ಕಳಿಸಿಕೊಡಬೇಕು.

ನಾನು ಓದಿ ಹೇಳಿದೆ. ಆ ಕಡೆ ಹಿಂದೆ ಅತ್ತೆಯ ದನಿ ಕೇಳಿಸುತ್ತಿತ್ತು: “ಏನಂತಲೇ ಅವ್ರದು? ಮತ್ತ ಫೋಟೋನ?” ಆಮೇಲೆ ಸೊಸೆ, “ಉತ್ತರ ನಾನ ಬರೀತೀನಿ, ತಪ್ಪಿದ್ರ ಹೇಳ್ರಿ” ಎಂದಳು. ಸಂಜೆ ನನಗೆ ಕಳಿಸಿದಳು. ಕನ್ನಡದಲ್ಲಿ ಎರಡೇ ಸಾಲು.

“ಫೋಟೋ ಕೊಡೂದಿಲ್ಲ. ನಿಯಮ ಯಾವಾಗ ತಿದ್ದತೀರಿ ಅದನ್ನ ತಿಳಿಸ್ರಿ.”

ತಪ್ಪೇನೂ ಇಲ್ಲ, ಕಳಿಸು ಎಂದೆ. ಕಳಿಸಿದಳು. ಪರಿಷತ್ತು ಇನ್ನೂ ಉತ್ತರಿಸಿಲ್ಲ. ಪ್ರತಿ ಸೋಮವಾರ ಆಕೆ ಅದೇ ಎರಡು ಸಾಲುಗಳನ್ನು ಮತ್ತೆ ಕಳಿಸುತ್ತಾಳೆ.